ಅರಳುಮರಳು ಮತ್ತು ಮೀಸಲು ನಿಧಿ

ಕಳೆದ ಸಾಲಿನ ವಾರ್ಷಿಕ ಮಹಾಸಭೆಯಲ್ಲಿ, ಊಟದ ಹೊತ್ತು ಸಮೀಪಿಸಿದ್ದಾಗ, ಯುವ ಸದಸ್ಯರೊಬ್ಬರು ಎದ್ದು ನಿಂತು ಒಂದು ಸಲಹೆ ಮುಂದಿಟ್ಟರು. ಎಪ್ಪತ್ತು ವರ್ಷ ದಾಟಿದ ಸದಸ್ಯರು ತಮ್ಮ ಖಾತೆಯ ವ್ಯವಹಾರವನ್ನು ಮಕ್ಕಳ ಕೈಗೆ ಒಪ್ಪಿಸಬೇಕು, ಸಂಘವೇ ಇದಕ್ಕೊಂದು ನಿಯಮ ಮಾಡಬೇಕು ಎಂಬುದು ಆ ಸಲಹೆ. ಕಾರಣವನ್ನೂ ಹೇಳಿದರು. ಕೌಂಟರಿನ ಮುಂದೆ ಹಿರಿಯರು ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳುತ್ತಾರೆ, ಮೊಬೈಲಿಗೆ ಬಂದ ಓಟಿಪಿ ಹೇಳಲು ತಡಕಾಡುತ್ತಾರೆ, ಹಿಂದೆ ನಿಂತವರಿಗೆ ಹೊತ್ತು ಹೋಗುತ್ತದೆ. ‘ಅರವತ್ತಕ್ಕೆ ಅರಳುಮರಳು ಅಂತ ಹಿರಿಯರೇ ಹೇಳಿದ್ದಾರಲ್ಲ’ ಎಂದು ಮಾತು ಮುಗಿಸಿದರು. ಸಭೆ ನಕ್ಕಿತು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯರೂ ನಕ್ಕರು. ಅವರಲ್ಲಿ ಕೆಲವರಿಗೆ ಮಾತೇ ಕೇಳಿಸಿರಲಿಲ್ಲ, ಎಲ್ಲರೂ ನಕ್ಕರೆಂದು ತಾವೂ ನಕ್ಕದ್ದು ಎಂದು ನಮಗೆ ಆಮೇಲೆ ತಿಳಿಯಿತು. ಸಲಹೆಯನ್ನು ಮುಂದಿನ ಸಭೆಯಲ್ಲಿ ಪರಿಶೀಲಿಸುವುದೆಂದು ನಡಾವಳಿಯಲ್ಲಿ ಬರೆದಿಡಲಾಗಿದೆ.

ಆ ಸಭೆ ಈಗ ಹತ್ತಿರ ಬರುತ್ತಿರುವುದರಿಂದ ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಆ ಸಲಹೆಯನ್ನು ತಿರಸ್ಕರಿಸಬೇಕು. ಹಿರಿಯರಿಗೆ ಬೇಸರವಾಗುತ್ತದೆ ಎಂಬ ದಾಕ್ಷಿಣ್ಯದಿಂದ ನಾವು ಈ ಮಾತು ಹೇಳುತ್ತಿಲ್ಲ. ಮುದಿತನದಲ್ಲಿ ನೆನಪು ಹೇಗೆ ಉಳಿಯುತ್ತದೆ, ಹೇಗೆ ಅಳಿಯುತ್ತದೆ ಎಂಬುದರ ಬಗ್ಗೆ ಈಚಿನ ನಲವತ್ತು ವರ್ಷಗಳಲ್ಲಿ ತಿಳಿದುಬಂದಿರುವ ಸಂಗತಿಗಳನ್ನು ನೋಡಿದರೆ, ಇಂಥ ನಿಯಮದಿಂದ ನಾವು ಯಾವುದನ್ನು ತಪ್ಪಿಸಬೇಕೆಂದಿದ್ದೇವೆಯೋ ಅದನ್ನೇ ಬರಮಾಡಿಕೊಳ್ಳುವ ಅಪಾಯವಿದೆ.

ಈ ವಿಷಯ ನಮ್ಮ ಸದಸ್ಯರಿಗೆ ಸುಲಭವಾಗಿ ಅರ್ಥವಾಗಬೇಕು. ಏಕೆಂದರೆ ಪ್ರತಿ ವರ್ಷ ಅಢಾವೆ ಪತ್ರಿಕೆಯಲ್ಲಿ ನಾವು ಅದನ್ನೇ ಬೇರೆ ರೂಪದಲ್ಲಿ ಓದುತ್ತೇವೆ. ಸಹಕಾರ ಕಾಯಿದೆಯಂತೆ ಸಂಘವು ತನ್ನ ನಿವ್ವಳ ಲಾಭದಲ್ಲಿ ಶೇಕಡಾ 25ಕ್ಕೆ ಕಡಿಮೆಯಿಲ್ಲದಷ್ಟನ್ನು ಮೀಸಲು ನಿಧಿಗೆ ಹಾಕಬೇಕು. ಒಳ್ಳೆಯ ವರ್ಷಗಳಲ್ಲಿ ಈ ನಿಧಿಯ ಕಡೆ ಯಾರೂ ತಿರುಗಿ ನೋಡುವುದಿಲ್ಲ, ಡಿವಿಡೆಂಡ್ ಯಾಕೆ ಕಡಿಮೆ ಎಂದು ಕೇಳುವವರೇ ಹೆಚ್ಚು. ಕೊಳೆರೋಗ ಬಂದು ಅರ್ಧ ಫಸಲು ನೆಲಕ್ಕೆ ಬಿದ್ದ ವರ್ಷ, ಕಾಫಿ ಧಾರಣೆ ಕುಸಿದು ಸಾಲದ ಕಂತು ನಿಂತ ವರ್ಷ, ನಿಧಿ ಇದ್ದ ಸಂಘ ಬಾಗಿಲು ತೆರೆದಿರುತ್ತದೆ, ಇಲ್ಲದ ಸಂಘ ಬೀಗ ಹಾಕುತ್ತದೆ. ನಷ್ಟ ಮಾತ್ರ ಎರಡಕ್ಕೂ ಒಂದೇ.

ಮಿದುಳಿಗೂ ಇಂಥ ಒಂದು ಮೀಸಲು ನಿಧಿ ಇದೆ ಎಂಬುದೇ ವೈದ್ಯವಿಜ್ಞಾನಿಗಳ ಈಗಿನ ವಿಚಾರ. ಇದು ಹೊಳೆದದ್ದು ಒಂದು ವಿಚಿತ್ರ ಸಂಗತಿಯಿಂದ. ಅಮೆರಿಕದಲ್ಲಿ ವೃದ್ಧರ ಶುಶ್ರೂಷಾಲಯವೊಂದರಲ್ಲಿದ್ದು ತೀರಿಕೊಂಡ 137 ಮಂದಿಯ ಮಿದುಳುಗಳನ್ನು ರಾಬರ್ಟ್ ಕ್ಯಾಟ್ಜ್‌ಮನ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು ಪರೀಕ್ಷಿಸಿ 1988ರಲ್ಲಿ ವರದಿ ಪ್ರಕಟಿಸಿದರು. ಅವರಲ್ಲಿ ಹತ್ತು ಮಂದಿಯ ಮಿದುಳಿನಲ್ಲಿ ಆಲ್ಜೈಮರ್ ರೋಗದ ಕಲೆಗಳು ಧಾರಾಳವಾಗಿದ್ದವು. ಆದರೆ ಬದುಕಿದ್ದಾಗ ಆ ಹತ್ತು ಮಂದಿಯೂ ಚುರುಕಾಗಿಯೇ ಇದ್ದರು. ರೋಗವೇ ಇಲ್ಲದವರಿಗೆ ಸರಿಸಮವಾಗಿ, ಕೆಲವು ವಿಷಯಗಳಲ್ಲಿ ಅವರಿಗಿಂತ ಮೇಲಾಗಿ, ತಮ್ಮ ಕೆಲಸ ತಾವು ನೋಡಿಕೊಂಡಿದ್ದರು. ಅಂಥವರ ಮಿದುಳಿನ ತೂಕ ಹೆಚ್ಚಿತ್ತು, ದೊಡ್ಡ ನರಕೋಶಗಳು ಹೆಚ್ಚು ಉಳಿದಿದ್ದವು. ನಷ್ಟವಾಗಿತ್ತು, ಆದರೆ ಸಂಘ ಮುಚ್ಚಿರಲಿಲ್ಲ ಎನ್ನೋಣ.

ಈ ನಿಧಿ ಎಲ್ಲಿಂದ ತುಂಬುತ್ತದೆ ಎಂಬುದು ಮುಂದಿನ ಪ್ರಶ್ನೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಯಾಕೋವ್ ಸ್ಟರ್ನ್ ಅವರ ತಂಡವು ಅರವತ್ತು ದಾಟಿದ, ಮರೆಗುಳಿ ರೋಗವಿಲ್ಲದ 593 ಮಂದಿಯನ್ನು ಕೆಲವು ವರ್ಷ ಗಮನಿಸಿ 1994ರಲ್ಲಿ ಫಲಿತಾಂಶ ಪ್ರಕಟಿಸಿತು. ಎಂಟು ವರ್ಷಕ್ಕಿಂತ ಕಡಿಮೆ ಓದಿದವರಲ್ಲಿ ಮರೆಗುಳಿ ರೋಗದ ಸಂಭವ, ಹೆಚ್ಚು ಓದಿದವರ ಎರಡರಷ್ಟಿತ್ತು. ಬುದ್ಧಿಗೆ ಹೆಚ್ಚು ಕೆಲಸ ಕೊಡದ ಉದ್ಯೋಗಗಳಲ್ಲಿ ಇದ್ದವರ ಸ್ಥಿತಿಯೂ ಹೆಚ್ಚುಕಡಿಮೆ ಹಾಗೆಯೇ. ಓದು, ಉದ್ಯೋಗ, ಬಿಡುವಿನ ಹವ್ಯಾಸ ಇವೆಲ್ಲ ಸೇರಿ ಮಿದುಳಿನಲ್ಲಿ ಒಂದು ಉಳಿತಾಯ ಬೆಳೆಯುತ್ತದೆ, ರೋಗ ಬಂದಾಗ ಅದು ಕೆಲಕಾಲ ತಡೆಯುತ್ತದೆ ಎಂಬ ಅಭಿಪ್ರಾಯ ಇಲ್ಲಿಂದ ಗಟ್ಟಿಯಾಯಿತು.

ಇದನ್ನು ಓದಿ ನಮ್ಮ ಹಿರಿಯ ಸದಸ್ಯರು ಕೈಚೆಲ್ಲಿ ಕೂರುವ ಕಾರಣವಿಲ್ಲ. ನಮ್ಮಲ್ಲಿ ಎಪ್ಪತ್ತು ದಾಟಿದವರ ಪೈಕಿ ನಾಲ್ಕನೆಯ ಇಯತ್ತೆ ದಾಟದವರು ಬಹಳ ಮಂದಿ. ಹೆಂಗಸರಲ್ಲಂತೂ ಶಾಲೆಯ ಮೆಟ್ಟಿಲು ಹತ್ತದವರೇ ಹೆಚ್ಚು. (ಅವರಲ್ಲಿ ಸಂಘದ ಸದಸ್ಯತ್ವ ಇರುವವರು ಎಷ್ಟು ಮಂದಿ ಎಂದು ಎಣಿಸಿದರೆ ನಮಗೇ ನಾಚಿಕೆಯಾಗುತ್ತದೆ, ಅದು ಬೇರೆ ಮಾತು.) ಅವರ ನಿಧಿ ಬರಿದೇ? ಹೈದರಾಬಾದಿನಿಂದ ಬಂದ ಒಂದು ವರದಿ ಹಾಗಲ್ಲ ಎನ್ನುತ್ತದೆ.

ಅಲ್ಲಿನ ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆಗೆ ಮರೆಗುಳಿ ರೋಗಕ್ಕೆಂದು ಬಂದ 648 ರೋಗಿಗಳ ವಿವರಗಳನ್ನು ಡಾ. ಸುವರ್ಣಾ ಅಲ್ಲಾಡಿ ಮತ್ತು ಅವರ ಸಹೋದ್ಯೋಗಿಗಳು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದರು. ಡಾ. ಅಲ್ಲಾಡಿಯವರು ಆಮೇಲೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಬಂದವರು. ಆ ರೋಗಿಗಳಲ್ಲಿ 391 ಮಂದಿ ಒಂದಕ್ಕಿಂತ ಹೆಚ್ಚು ಭಾಷೆ ಆಡುವವರು. ಒಂದೇ ಭಾಷೆಯವರಿಗೆ ಹೋಲಿಸಿದರೆ ಅವರಲ್ಲಿ ರೋಗ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಗಮನಿಸಬೇಕಾದದ್ದೆಂದರೆ, ಓದುಬರಹ ಬಾರದವರಲ್ಲೂ ಈ ಅಂತರ ಕಂಡಿತು. ಹಾಗಾದರೆ ಇದು ಶಾಲೆಯ ಕೊಡುಗೆಯಲ್ಲ, ಬೀದಿಯಲ್ಲಿ, ಸಂತೆಯಲ್ಲಿ, ಮನೆಯಲ್ಲಿ ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುತ್ತ ಬಾಳಿದ್ದರ ಕೊಡುಗೆ. ಮೂರನೆಯ, ನಾಲ್ಕನೆಯ ಭಾಷೆಯಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲವಂತೆ. ಮನೆಯಲ್ಲೊಂದು ಮಾತು, ಪೇಟೆಯಲ್ಲಿ ಕನ್ನಡ, ಕೊನೆಗಾರನೊಡನೆ ತುಳು, ತೋಟದ ಆಳುಗಳೊಡನೆ ತಮಿಳು ಎಂದು ದಿನ ಕಳೆಯುವ ನಮ್ಮವರಿಗೆ ಎರಡು ಭಾಷೆ ಯಾವ ಲೆಕ್ಕ!

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳುವುದು ನ್ಯಾಯ. ಹೈದರಾಬಾದಿನದು ಆಸ್ಪತ್ರೆಗೆ ಬಂದವರ ಲೆಕ್ಕ, ಊರಿನಲ್ಲಿ ಉಳಿದವರ ಲೆಕ್ಕವಲ್ಲ. ಬೇರೆ ದೇಶಗಳಲ್ಲಿ ಊರಿನ ಜನರನ್ನೇ ವರ್ಷಗಟ್ಟಲೆ ಗಮನಿಸಿದ ಕೆಲವು ಅಧ್ಯಯನಗಳಲ್ಲಿ ಭಾಷೆಯ ಲಾಭ ಕಂಡುಬಂದಿಲ್ಲ. ನಮ್ಮ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರವು ನಲವತ್ತೈದು ದಾಟಿದ ಗ್ರಾಮಸ್ಥರನ್ನು ವರ್ಷ ವರ್ಷವೂ ಪರೀಕ್ಷಿಸುವ ದೊಡ್ಡ ಕೆಲಸವನ್ನು ಕೈಗೊಂಡಿದೆ. ಹತ್ತು ಸಾವಿರ ಮಂದಿಯನ್ನು ಸೇರಿಸಿಕೊಳ್ಳುವುದು ಅದರ ಗುರಿ. ಹೊಲಗದ್ದೆಯವರ ನೆನಪಿನ ಬಗ್ಗೆ ಖಚಿತವಾದ ಮಾತು ಅಲ್ಲಿಂದ ಬರಬೇಕು.

ಈಗ ಕೌಂಟರಿನ ಮುಂದೆ ತಡಕಾಡುವ ಹಿರಿಯರ ವಿಷಯಕ್ಕೆ ಬರೋಣ. ನೆನಪಿನ ಶಕ್ತಿ ಅಳೆಯಲು 1975ರಲ್ಲಿ ಅಮೆರಿಕದಲ್ಲಿ ರೂಪಿಸಿದ ಮೂವತ್ತು ಅಂಕದ ಒಂದು ಪರೀಕ್ಷೆ ಜಗತ್ತಿನಾದ್ಯಂತ ಬಳಕೆಗೆ ಬಂದಿತು. ಇಂದು ಎಷ್ಟನೆಯ ತಾರೀಖು, ನೂರರಿಂದ ಏಳೇಳು ಕಳೆಯುತ್ತಾ ಹೋಗಿ, ಒಂದು ವಾಕ್ಯ ಬರೆಯಿರಿ, ಈ ಚಿತ್ರ ನೋಡಿ ಹಾಗೆಯೇ ಬರೆಯಿರಿ, ಇಂಥ ಪ್ರಶ್ನೆಗಳು. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಇದನ್ನು ಬಳಸಲು ಹೊರಟವರಿಗೆ ಕೂಡಲೇ ತೊಡಕು ಎದುರಾಯಿತು. ಹುಟ್ಟಿನಿಂದ ಪೆನ್ಸಿಲ್ ಹಿಡಿಯದವರಿಗೆ ವಾಕ್ಯ ಬರೆಯಿರಿ ಎಂದರೆ ಅದು ನೆನಪಿನ ಪರೀಕ್ಷೆಯಾಗುವುದು ಹೇಗೆ? ಓದು ಬಾರದವರಿಗೂ ಹೊಂದುವ ಹಿಂದಿ ಪರೀಕ್ಷೆಯೊಂದನ್ನು ಅವರು ಬೇರೆಯಾಗಿಯೇ ಸಿದ್ಧಪಡಿಸಬೇಕಾಯಿತು. 1995ರಲ್ಲಿ ಅದು ಪ್ರಕಟವಾಯಿತು. ಬಲ್ಲಭಗಢದಲ್ಲಿ ಮೂವತ್ತು ವರ್ಷದ ಹಿಂದೆ ಅರಿತ ಈ ಮಾತು ನಮ್ಮ ಸಂಘದ ಕೌಂಟರಿಗೆ ಇನ್ನೂ ತಲುಪಿಲ್ಲ. ಓಟಿಪಿ ಹುಡುಕಲಾಗದಿರುವುದು, ಇಂಗ್ಲಿಷ್ ನಮೂನೆ ತುಂಬಲಾಗದಿರುವುದು, ಗಾಜಿನ ಹಿಂದಿನಿಂದ ಗುಮಾಸ್ತರು ಗೊಣಗಿದ್ದು ಕೇಳಿಸದಿರುವುದು, ಇವು ಯಾವುವೂ ಅರಳುಮರಳಲ್ಲ.

ಮೂರು ಸಲ ಕೇಳುತ್ತಾರೆಂದು ದೂರಿದ ಯುವ ಸದಸ್ಯರು ಹೆಸರಿಸಿದ ಹಿರಿಯರ ತೋಟಕ್ಕೆ ನಾವು ಆಮೇಲೆ ಒಮ್ಮೆ ಹೋಗಿದ್ದೆವು. ಎಂಬತ್ತರ ಹತ್ತಿರದವರು. ಕಣದಲ್ಲಿ ಹರಡಿದ್ದ ಅಡಿಕೆಯನ್ನು ಒಂದು ಹಿಡಿ ತೆಗೆದು ಬೆಟ್ಟೆಯೆಷ್ಟು, ಗೊರಬಲೆಷ್ಟು ಎಂದು ಬೆರಳಲ್ಲೇ ಬೇರ್ಪಡಿಸುತ್ತ ಮಾತಾಡಿದರು. ಯಾವ ವರ್ಷ ಹೂಮಳೆ ಎಷ್ಟು ಇಂಚು, ಎಷ್ಟು ಸೆಂಟ್ ಬಿತ್ತು, ಬ್ಯಾಕಿಂಗ್ ಮಳೆ ಎಷ್ಟು ದಿನ ತಡವಾಯಿತು ಎಂದು ಹೇಳಿದ ಮೇಲೆ, ನಮಗೆ ನಂಬಿಕೆ ಬರಲೆಂದು ಮಳೆಯ ಪುಸ್ತಕ ತರಿಸಿ ತೋರಿಸಿದರು. ಒಂದು ವರ್ಷ ಮಾತ್ರ ತಪ್ಪಿತ್ತು. ನಮ್ಮ ಹೆಸರನ್ನು ಅವರು ಎರಡು ಸಲ ಮರೆತರು ಎಂಬುದನ್ನೂ ಇಲ್ಲಿ ಹೇಳಬೇಕು. ಹೆಸರು ನಾಲಗೆಗೆ ತಡವಾಗಿ ಬರುವುದು, ಎರಡು ಕೆಲಸ ಒಟ್ಟಿಗೆ ಮಾಡಲು ಕಷ್ಟವಾಗುವುದು, ಲೆಕ್ಕ ನಿಧಾನವಾಗುವುದು, ಇವು ವಯಸ್ಸಿನ ಸಹಜ ಲಕ್ಷಣಗಳು. ಬಾಳಿನಲ್ಲಿ ಕೂಡಿಟ್ಟ ತಿಳಿವಳಿಕೆ, ಮಾತಿನ ಭಂಡಾರ, ಕೈಗೆ ಹತ್ತಿದ ಕಸಬು ಇವು ಬಹಳ ತಡವಾಗಿ ಸವೆಯುತ್ತವೆ.

ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಮರೆಗುಳಿ ರೋಗ ಇರುವವರು ಶೇಕಡಾ 7.4, ಅಂದರೆ ಸುಮಾರು 88 ಲಕ್ಷ ಮಂದಿ ಎಂದು ರಾಷ್ಟ್ರಮಟ್ಟದ ಅಧ್ಯಯನವೊಂದು 2023ರಲ್ಲಿ ಅಂದಾಜು ಮಾಡಿದೆ. ಸಂಖ್ಯೆ ಸಣ್ಣದಲ್ಲ. ಆದರೆ ನೂರರಲ್ಲಿ ಏಳೆಂಟು ಮಂದಿಗಾಗಿ ಉಳಿದ ತೊಂಬತ್ತೆರಡು ಮಂದಿಯ ಪಾಸ್‌ಪುಸ್ತಕ ಕಸಿಯುವ ನಿಯಮ ಯಾವ ಸಹಕಾರ ತತ್ತ್ವ?

ಕಸಿದರೆ ಏನಾಗಬಹುದು ಎಂಬುದಕ್ಕೆ ಇಂಗ್ಲೆಂಡಿನ ಒಂದು ಉದಾಹರಣೆ ಇದೆ. ಲಂಡನ್ನಿನ ಸರಕಾರಿ ನೌಕರರ ಆರೋಗ್ಯವನ್ನು 1985ರಿಂದ ಗಮನಿಸುತ್ತ ಬಂದ ದೀರ್ಘ ಅಧ್ಯಯನವೊಂದರಲ್ಲಿ, 3,433 ಮಂದಿಯ ನೆನಪನ್ನು ನಿವೃತ್ತಿಗೆ ಮೊದಲಿನ ಹದಿನಾಲ್ಕು ವರ್ಷ ಮತ್ತು ನಂತರದ ಹದಿನಾಲ್ಕು ವರ್ಷಗಳವರೆಗೆ ಹೋಲಿಸಿ ನೋಡಿದರು. ಕೇಳಿದ ಪದಗಳನ್ನು ನೆನಪಿಟ್ಟು ಹೇಳುವ ಶಕ್ತಿ ನಿವೃತ್ತಿಯ ನಂತರ ಶೇಕಡಾ 38ರಷ್ಟು ಹೆಚ್ಚು ವೇಗವಾಗಿ ಇಳಿದಿತ್ತು. ಇದು 2018ರಲ್ಲಿ ಪ್ರಕಟವಾದ ಸಂಗತಿ. ಮೇಲಿನ ಹುದ್ದೆಯಲ್ಲಿದ್ದವರಿಗೆ ಕೆಲಸದಲ್ಲಿರುವವರೆಗೆ ಒಂದು ರಕ್ಷಣೆ ಇತ್ತು, ಕುರ್ಚಿ ಬಿಟ್ಟ ಮೇಲೆ ಅದೂ ಹೋಯಿತು. ತರ್ಕಶಕ್ತಿಯಂಥ ಬೇರೆ ಸಾಮರ್ಥ್ಯಗಳಲ್ಲಿ ಹೀಗೆ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಸೇರಿಸುತ್ತೇವೆ.

ಬೆಳೆಗಾರನಿಗೆ ಪೆನ್ಷನ್ ಇಲ್ಲ, ಆದ್ದರಿಂದ ನಿವೃತ್ತಿಯೂ ಇಲ್ಲ ಎಂದು ನಾವು ತಮಾಷೆಗೆ ಹೇಳಿಕೊಳ್ಳುತ್ತೇವೆ. ನಿಜವಾಗಿ ನೋಡಿದರೆ ಇದೆ. ಮಗ ಊರಿಗೆ ಬಂದು ‘ಅಪ್ಪಯ್ಯ, ಇನ್ನು ನೀವು ಆರಾಮಾಗಿ ಕೂತ್ಕಳಿ’ ಎಂದು ಬೀರುವಿನ ಬೀಗದ ಕೈ ತೆಗೆದುಕೊಂಡ ದಿನವೇ ನಿವೃತ್ತಿ. ಪ್ರೀತಿಯಿಂದಲೇ ತೆಗೆದುಕೊಳ್ಳುತ್ತಾನೆ, ಅದರಲ್ಲಿ ಸಂಶಯವಿಲ್ಲ. ಮೈಲುತುತ್ತಕ್ಕೆ ಎಷ್ಟು ಕಿಲೋ ಸುಣ್ಣ ತರಿಸಬೇಕು, ಔಷಧಿ ಯಾವ ವಾರ ಹೊಡೆಸಬೇಕು, ಮರಗಸಿ ಯಾವ ಮೂಲೆಯಿಂದ ಶುರು, ಮೇಸ್ತ್ರಿಗೆ ಕೊಟ್ಟ ಮುಂಗಡ ಎಷ್ಟು ತೀರಿತು, ಚೆಕ್‌ರೋಲಿನಲ್ಲಿ ಯಾರ ಅರ್ಧ ದಿನ ತಪ್ಪಿದೆ ಎಂದು ನಿನ್ನೆಯವರೆಗೆ ತಲೆಯೊಳಗೆ ಓಡುತ್ತಿದ್ದ ನೂರು ಲೆಕ್ಕಗಳು ಒಂದೇ ದಿನ ನಿಂತುಹೋಗುತ್ತವೆ. ಉಳಿಯುವುದು ಜಗಲಿಯ ಕುರ್ಚಿ ಮತ್ತು ಟಿ.ವಿ. ತೋಟದ ಲೆಕ್ಕ ಮರೆಗುಳಿ ರೋಗ ತಡೆಯುತ್ತದೆ ಎಂದು ಯಾರೂ ಪರೀಕ್ಷೆ ಮಾಡಿ ಸಾಧಿಸಿಲ್ಲ. ಆದರೂ ಜೀವಮಾನವಿಡೀ ನಿಧಿ ಕಟ್ಟಿದ ಕೆಲಸವನ್ನು ಏಕಾಏಕಿ ನಿಲ್ಲಿಸುವುದರಿಂದ ಒಳ್ಳೆಯದಾಗುತ್ತದೆ ಎಂದು ನಂಬಲು ನಮಗೆ ಯಾವ ಕಾರಣವೂ ಕಾಣುವುದಿಲ್ಲ.

ಹಿರಿಯರ ಪರ ವಾದಿಸುವಾಗ ಅವರಿಗೆ ಹಿತವಲ್ಲದ ಮಾತನ್ನೂ ಹೇಳಬೇಕು. ಮೀಸಲು ನಿಧಿ ನಷ್ಟವನ್ನು ತಡೆಯುವುದಿಲ್ಲ, ಮುಚ್ಚಿಡುತ್ತದೆ. ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದಲ್ಲಿ ಮುಂದೆ ಮರೆಗುಳಿ ರೋಗಕ್ಕೆ ತುತ್ತಾದ 117 ಮಂದಿಯ ನೆನಪನ್ನು ವರ್ಷಗಟ್ಟಲೆ ಅಳೆದವರು 2007ರಲ್ಲಿ ಒಂದು ಸಂಗತಿ ಪ್ರಕಟಿಸಿದರು. ಒಂದೊಂದು ವರ್ಷದ ಓದಿಗೆ ಇಳಿತದ ಆರಂಭ ಸುಮಾರು ಎರಡೂವರೆ ತಿಂಗಳು ಮುಂದಕ್ಕೆ ಹೋಗಿತ್ತು. ಇಳಿಯಲು ತೊಡಗಿದ ಮೇಲೆ ಮಾತ್ರ ಹೆಚ್ಚು ಓದಿದವರು ಹೆಚ್ಚು ವೇಗವಾಗಿ ಇಳಿದರು. ಒಳಗೆ ರೋಗ ಅಷ್ಟರಲ್ಲಿ ಬಹಳ ಬೆಳೆದಿರುತ್ತದೆ, ನಿಧಿ ಬರಿದಾದ ದಿನ ಎಲ್ಲವೂ ಒಟ್ಟಿಗೆ ಕಾಣುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ. ಊರಿಗೆಲ್ಲ ಬುದ್ಧಿ ಹೇಳುವ ಚತುರ ಯಜಮಾನರೊಬ್ಬರು ಎರಡೇ ವರ್ಷದಲ್ಲಿ ಮನೆಯವರ ಗುರುತು ಹಿಡಿಯದಂತಾದರೆ ನಾವು ‘ಇದ್ದಕ್ಕಿದ್ದಂತೆ ಆಯಿತು’ ಎನ್ನುತ್ತೇವೆ. ಇದ್ದಕ್ಕಿದ್ದಂತೆ ಆದದ್ದಲ್ಲ.

ಆದ್ದರಿಂದ ಯಜಮಾನರೇ, ನಿಮಗೂ ಒಂದು ಮಾತು. ಸಾಯುವವರೆಗೂ ಬೀಗದ ಕೈ ಸೊಂಟದಲ್ಲೇ ಇರಬೇಕೆಂಬ ಹಟ ಬೇಡ. ಗಡಿಕಲ್ಲು ಎಲ್ಲಿದೆ, ನೀರಿನ ಹಕ್ಕು ಯಾವ ಪತ್ರದಲ್ಲಿದೆ, ಯಾರಿಗೆ ಕೈಸಾಲ ಕೊಟ್ಟಿದ್ದೀರಿ ಎಂಬುದನ್ನು ಚೆನ್ನಾಗಿರುವಾಗಲೇ ಬರೆಸಿಡಿ. ಮಗನನ್ನೋ ಮಗಳನ್ನೋ ಸೊಸೆಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕ ಬರೆಯಿರಿ. ಮಕ್ಕಳಾದವರು ಆ ಲೆಕ್ಕವನ್ನು ಕಸಿಯದೆ ಪಕ್ಕದಲ್ಲಿ ಕೂರಲಿ. ಪಕ್ಕದಲ್ಲಿ ಕೂತವರಿಗೆ ಮಾತ್ರ ಕಾಣುವ ಕೆಲವು ಸೂಚನೆಗಳಿವೆ. ಒಂದೇ ಬಿಲ್ಲಿಗೆ ಎರಡು ಸಲ ಹಣ ಕೊಡುವುದು, ಬೆಳಿಗ್ಗೆ ಆಡಿದ ಮಾತನ್ನು ಆಡೇ ಇಲ್ಲ ಎನ್ನುವುದು, ಐವತ್ತು ವರ್ಷ ಓಡಾಡಿದ ತೋಟದಲ್ಲಿ ದಾರಿ ತಪ್ಪುವುದು, ಔಷಧಿ ಬೆರೆಸುವ ಪ್ರಮಾಣವನ್ನೇ ತಪ್ಪುವುದು. ಇವು ಕಂಡರೆ ವೈದ್ಯರಲ್ಲಿಗೆ ಹೋಗಲು ತಡ ಮಾಡಬಾರದು. ಎಲ್ಲವೂ ಆಲ್ಜೈಮರ್ ಅಲ್ಲ. ಬಿ-12 ಜೀವಸತ್ತ್ವದ ಕೊರತೆ (ಸಸ್ಯಾಹಾರಿಗಳ ಮನೆಗಳಲ್ಲಿ ಇದನ್ನು ಮುಖ್ಯವಾಗಿ ನೋಡಬೇಕು), ಥೈರಾಯ್ಡ್ ತೊಂದರೆ, ಮನಸ್ಸಿನ ಖಿನ್ನತೆ, ಕೆಲವು ಮಾತ್ರೆಗಳ ಅಡ್ಡಪರಿಣಾಮ, ಇವೂ ನೆನಪನ್ನು ಕೆಡಿಸುತ್ತವೆ. ಇವಕ್ಕೆ ಚಿಕಿತ್ಸೆ ಉಂಟು.

ಕಿವಿಯ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಲ್ಯಾನ್ಸೆಟ್ ವೈದ್ಯಪತ್ರಿಕೆ ನೇಮಿಸಿದ ತಜ್ಞರ ಮಂಡಲಿಯು 2024ರಲ್ಲಿ ಹದಿನಾಲ್ಕು ಕಾರಣಗಳನ್ನು ಪಟ್ಟಿ ಮಾಡಿ, ಇವನ್ನೆಲ್ಲ ಸರಿಪಡಿಸಿದರೆ ಜಗತ್ತಿನ ಮರೆಗುಳಿ ಪ್ರಕರಣಗಳಲ್ಲಿ ಸುಮಾರು ಶೇಕಡಾ 45ನ್ನು ತಪ್ಪಿಸಬಹುದು ಅಥವಾ ಮುಂದೂಡಬಹುದು ಎಂದಿತು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಗೆಸೊಪ್ಪು, ಮಿತಿಮೀರಿದ ಕುಡಿತ, ತಲೆಗೆ ಪೆಟ್ಟು, ಒಂಟಿತನ ಎಲ್ಲವೂ ಅದರಲ್ಲಿವೆ. ಕಿವುಡು ಆ ಪಟ್ಟಿಯ ದೊಡ್ಡ ಕಾರಣಗಳಲ್ಲೊಂದು. ಅಮೆರಿಕದಲ್ಲಿ 70ರಿಂದ 84 ವಯಸ್ಸಿನ 977 ಮಂದಿಯ ಮೇಲೆ ನಡೆದು 2023ರಲ್ಲಿ ಮುಗಿದ ಪ್ರಯೋಗದಲ್ಲಿ, ಶ್ರವಣಯಂತ್ರ ಕೊಟ್ಟದ್ದರಿಂದ ಒಟ್ಟು ಗುಂಪಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ರೋಗದ ಸಂಭವ ಹೆಚ್ಚಿದ್ದವರಲ್ಲಿ ಮಾತ್ರ ಮೂರು ವರ್ಷಗಳಲ್ಲಿ ಬುದ್ಧಿಶಕ್ತಿಯ ಇಳಿತ ಶೇಕಡಾ 48ರಷ್ಟು ನಿಧಾನವಾಗಿತ್ತು. ನಮ್ಮಲ್ಲಿ ಸ್ಪ್ರೇಯರಿಗೆ, ಕಳೆ ಕತ್ತರಿಸುವ ಯಂತ್ರಕ್ಕೆ ಸಾಲ ಕೇಳುವವರಿದ್ದಾರೆ. ಕಿವಿಯ ಯಂತ್ರಕ್ಕೆ ಸಾಲ ಕೇಳಿದವರನ್ನು ನಾವು ಇದುವರೆಗೆ ನೋಡಿಲ್ಲ.

ಆಡಳಿತ ಮಂಡಳಿ ಮಾಡಬಹುದಾದದ್ದು ಇಷ್ಟು. ವಾರದಲ್ಲಿ ಒಂದು ಬೆಳಿಗ್ಗೆ ಹಿರಿಯ ಸದಸ್ಯರಿಗೆಂದೇ ಕೌಂಟರು ತೆರೆದಿಡಲಿ, ಗುಮಾಸ್ತರು ಗಾಜಿನ ಹಿಂದಿನಿಂದ ಹೊರಗೆ ಬಂದು ಎದುರು ಕುಳಿತು ಮಾತಾಡಲಿ. ನಮೂನೆಗಳು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿರಲಿ. ಬೇಕೆಂದವರಿಗೆ ಕಾಗದದ ಪಾಸ್‌ಪುಸ್ತಕ ಮುಂದುವರಿಯಲಿ. ವ್ಯವಹಾರದಲ್ಲಿ ಗೊಂದಲ ಕಂಡರೆ ಯಾರಿಗೆ ತಿಳಿಸಬೇಕೆಂಬ ಹೆಸರನ್ನು ಸದಸ್ಯರೇ ಮೊದಲೇ ಬರೆದುಕೊಡುವಂತಾಗಲಿ, ಹಾಗೆ ಬರೆದುಕೊಡದವರ ಮನೆಗೆ ಯಾರೂ ಫೋನು ಮಾಡುವುದು ಬೇಡ. ವಾರ್ಷಿಕ ಆರೋಗ್ಯ ಶಿಬಿರದಲ್ಲಿ ಕಣ್ಣಿನ ಜತೆಗೆ ಕಿವಿಯ ಪರೀಕ್ಷೆಯೂ ಸೇರಲಿ. ಇದಕ್ಕೆಲ್ಲ ದೊಡ್ಡ ಖರ್ಚೇನೂ ಇಲ್ಲ.

ಸಲಹೆ ಕೊಟ್ಟ ಯುವ ಸದಸ್ಯರ ಮೇಲೆ ನಮಗೆ ಅಸಮಾಧಾನವಿಲ್ಲ. ಅವರ ಅವಸರಕ್ಕೂ ಕಾರಣವಿದೆ, ನಮ್ಮ ಕೌಂಟರಿನಲ್ಲಿ ನಿಂತವರಿಗೆಲ್ಲ ಅದು ಗೊತ್ತು. ಅವರ ವಾದವನ್ನು ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ. ಮಹಾಸಭೆಗೆ ಬರುವಾಗ ಅವರು ತಮ್ಮ ತಂದೆಯವರನ್ನೂ ಕರೆತರಬೇಕೆಂದು ಕೋರುತ್ತೇವೆ. ಮುಂದಿನ ಸಾಲಿನಲ್ಲಿ ಕುರ್ಚಿ ಕಾದಿರಿಸಿರುತ್ತೇವೆ. ಹಿಂದಿನ ಸಾಲುಗಳಿಗೆ ಮೈಕಿನ ಧ್ವನಿ ಸರಿಯಾಗಿ ತಲುಪುವುದಿಲ್ಲ.